ಎಂಬತ್ತು ದಾಟದೆ ಮೈಸೂರು–ಬೆಂಗಳೂರು

ನನ್ನ ಕಾರು ಲೀಟರಿಗೆ 24 ಕಿ.ಮೀ. ಓಡುತ್ತದೆ ಎಂದರೆ ಭಾವ ನಂಬಲಿಲ್ಲ. ಮೊನ್ನೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೈಸೂರಿನಲ್ಲಿ ಟ್ಯಾಂಕ್ ತುಂಬಿಸಿದೆ. ಬೆಂಗಳೂರಿಗೆ ಹೋಗಿ ಬಂದು ಅದೇ ಬಂಕ್‌ನ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿದೆ. ಸುಮಾರು 290 ಕಿ.ಮೀ.ಗೆ ಹನ್ನೆರಡು ಲೀಟರ್, ಚಿಲ್ಲರೆ. ನನ್ನದು ಹತ್ತು ವರ್ಷ ದಾಟಿದ ಡೀಸೆಲ್ ಸ್ವಿಫ್ಟ್. ಭಾವ ರಸೀದಿಯನ್ನು ಎರಡು ಸಲ ಓದಿದರು.

ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದಾಗ ಎಲ್ಲರಂತೆ ನಾನೂ ತುಳಿದೆ. ಸಿಕ್ಕಿದ್ದು ಲೀಟರಿಗೆ 17, ಜೊತೆಗೆ ಕ್ಯಾಮೆರಾ ಕಳುಹಿಸಿದ ಸಾವಿರ ರೂಪಾಯಿಯ ದಂಡದ ಚೀಟಿ. ಆ ಸಿಟ್ಟಿನಲ್ಲೇ ಗಂಟೆಗೆ ಎಂಬತ್ತಕ್ಕೆ ಇಳಿದೆ. ಎತ್ತಿನ ಗಾಡಿ ಎಂದು ಕಚೇರಿಯಲ್ಲಿ ನಕ್ಕರು.

ಮೊದಲ ತಿಂಗಳೇ 29 ಬಂತು! ಊರೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಗೊತ್ತಾಯಿತು, ಮೊದಲ ಸಲ ಕುತ್ತಿಗೆಮಟ್ಟ ತುಂಬಿಸಿದ್ದೆ, ಎರಡನೆಯ ಸಲ ಪಂಪ್ ತಾನಾಗಿ ನಿಂತಲ್ಲಿಗೇ ಬಿಟ್ಟಿದ್ದೆ. ಆ ಮಾನಭಂಗದ ನಂತರ ಯಾವಾಗಲೂ ಮೊದಲ 'ಟಕ್'ಗೇ ನಿಲ್ಲಿಸುತ್ತೇನೆ.

ದೊಡ್ಡ ಪೆಟ್ಟು ಬಿದ್ದದ್ದು ಟೈರಿನಲ್ಲಿ. ಗಾಳಿ ಹೆಚ್ಚಿದ್ದರೆ ಗಾಡಿ ಹಗುರವಾಗಿ ಉರುಳುತ್ತದೆಂದು 40ರವರೆಗೆ ಹಿಡಿಸಿದೆ. ಮೈಲೇಜ್ ಒಂದು ಕಿ.ಮೀ. ಏರಿತು, ನಿಜ. ಆದರೆ ಬಿಡದಿಯ ಹತ್ತಿರ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಹಿಂಭಾಗ ಪಕ್ಕಕ್ಕೆ ಜಾರಿತು. ಇಳಿದು ನೋಡಿದರೆ ಟೈರುಗಳ ಅಂಚಿನಲ್ಲಿ ಹೊಸ ಗೀರು, ನಡುವೆ ಅಂಗೈಯಷ್ಟು ಬೋಳು. ನಾಲ್ಕಕ್ಕೆ ಹತ್ತೊಂಬತ್ತು ಸಾವಿರ. ವಾರಕ್ಕೊಂದು ಓಡಾಟದಲ್ಲಿ ನಾನೂರು ಉಳಿಸುವವನಿಗೆ ಅದು ಒಂದು ವರ್ಷದ ಉಳಿತಾಯ. ಈಗ ಬಾಗಿಲಿನ ಚೀಟಿಯಲ್ಲಿರುವಷ್ಟೇ ಗಾಳಿ, ಅದೂ ಬೆಳಿಗ್ಗೆ ಟೈರ್ ತಣ್ಣಗಿರುವಾಗ.

ನೈಟ್ರೋಜನ್ ಹಿಡಿಸಿಯೂ ನೋಡಿದೆ. ಮೈಲೇಜಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ಏಸಿ ಆರಿಸಿ ಕಿಟಕಿ ಇಳಿಸಿದ ದಿನ ಕಿವಿ ಗುಂಯ್ಗುಟ್ಟಿತೇ ಹೊರತು ಲಾಭವಿಲ್ಲ. ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ತಪ್ಪುತ್ತದೆಂದು ಒಂದು ದಿನ ಆ ಹುಚ್ಚಾಟವೂ ಆಯಿತು. ಮದ್ದೂರು ಬೈಪಾಸಿನಲ್ಲಿ ಚಕ್ರದಿಂದ ಸಿಡಿದ ಕಲ್ಲು ಮುಂದಿನ ಗಾಜಿನಲ್ಲಿ ಜೇಡರ ಬಲೆ ನೇಯ್ದಿತು. ಏಳು ಸಾವಿರ ಹೋಯಿತು. ಮದ್ದೂರು ವಡೆ ತಿನ್ನಲು ಕೆಳಗಿಳಿದಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತು.

ನಿಜವಾಗಿ ಫಲ ಕೊಟ್ಟದ್ದು ಚಾವಣಿಯ ಕ್ಯಾರಿಯರ್ ಬಿಚ್ಚಿಟ್ಟದ್ದು. ಒಂದೂವರೆ ಕಿ.ಮೀ. ಅದರಿಂದಲೇ. ಉಳಿದದ್ದು ಬಲಗಾಲಿನ ಕೆಲಸ: ಐದನೇ ಗೇರ್, ಎಡಗಡೆಯ ಲೇನ್, ದೂರದಲ್ಲಿ ಬ್ರೇಕ್ ದೀಪ ಕಂಡೊಡನೆ ಕಾಲು ತೆಗೆಯುವುದು. ರಾಮನಗರದಿಂದ ಮಂಡ್ಯದವರೆಗೆ ಎಲ್ಲೆಲ್ಲಿ ಕಾಲು ತೆಗೆದೇ ಸಾಗಬಹುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಭಾನುವಾರ ಸಂಜೆ ಹೊರಡುವ ಹೊತ್ತನ್ನೂ ಅಷ್ಟೇ. ಹೇಳಿದರೆ ಎಲ್ಲರೂ ಅದೇ ಹೊತ್ತಿಗೆ ಬರುತ್ತೀರಿ.

ಟೋಲ್ ಬಗ್ಗೆ ಕೇಳುವವರಿಗೆ: 2025ರಲ್ಲಿ ಮೂರು ಸಾವಿರಕ್ಕೆ ಕೊಂಡ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸಿನಲ್ಲಿ 200 ಟ್ರಿಪ್, ಒಂದು ಟೋಲ್ ಗೇಟ್ ದಾಟಿದರೆ ಒಂದು ಟ್ರಿಪ್. ಹೋಗಿಬರಲು ನಾಲ್ಕು ಹಿಡಿದರೆ ಐವತ್ತು ವಾರ. ಮೊದಲು ಅಷ್ಟು ಹಣ ಒಂದೂವರೆ ತಿಂಗಳೂ ಬರುತ್ತಿರಲಿಲ್ಲ.

ಸಮಯ? ನೂರರಲ್ಲಿ ಹೋದವರಿಗಿಂತ ಹದಿನೈದು, ಹದಿನೆಂಟು ನಿಮಿಷ ತಡ. ಅದರಲ್ಲಿ ಅರ್ಧ ಕೆಂಗೇರಿಯ ಸಿಗ್ನಲ್‌ಗಳಲ್ಲಿ ವಾಪಸ್ ಸಿಗುತ್ತದೆ. ಭಾವ ಮಾತ್ರ ಮದ್ದೂರು ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು. ಮನೆಗೆ ಬಂದ ಮೇಲೆ ತಮ್ಮ ಕಾರಿನ ಕ್ಯಾರಿಯರ್ ಬಿಚ್ಚಲು ಹತ್ತನೇ ನಂಬರಿನ ಸ್ಪ್ಯಾನರ್ ಕೇಳಿದರು.