ಕೂಲೆಂಟ್ ಸೆನ್ಸರ್: ಬದಲಿಸುವ ಮೊದಲು ಪರೀಕ್ಷಿಸಿ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲು ಸತಾಯಿಸುವುದು, ಮೈಲೇಜ್ ಇಳಿಯುವುದು, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುವುದು, ಎಂಜಿನ್ ತಣ್ಣಗಿದ್ದಾಗಲೂ ರೇಡಿಯೇಟರ್ ಫ್ಯಾನ್ ಒಂದೇ ಸಮನೆ ತಿರುಗುವುದು, ಇವೆಲ್ಲ ಒಟ್ಟಿಗೆ ಕಂಡರೆ ಎಂಜಿನ್ನನ್ನು ತಂಪಾಗಿಡುವ ದ್ರವದ (ಕೂಲೆಂಟ್) ಉಷ್ಣತೆ ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರಿನ ಮೇಲೆ ಅನುಮಾನ ಪಡಬಹುದು. ಎಂಜಿನ್ ಸದಾ ತಣ್ಣಗಿದೆಯೆಂದು ಅದು ತಪ್ಪು ಸುದ್ದಿ ಕೊಟ್ಟರೆ, ಆ ಮಾತನ್ನು ನಂಬಿದ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಅಗತ್ಯಕ್ಕಿಂತ ಹೆಚ್ಚು ಇಂಧನ ಹರಿಸುತ್ತದೆ.

ಆದರೆ ಅನುಮಾನ ಬಂದೊಡನೆ ಹೊಸ ಸೆನ್ಸರ್ ಕೊಳ್ಳಬೇಕಿಲ್ಲ. ಕೂಲೆಂಟ್ ಇಳಿದು ಸೆನ್ಸರಿನ ತುದಿ ದ್ರವದಲ್ಲಿ ಮುಳುಗದಿದ್ದರೂ, ಕನೆಕ್ಟರಿನ ಪಿನ್ನುಗಳಿಗೆ ಕಿಲುಬು ಹಿಡಿದಿದ್ದರೂ ಇದೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ರಾತ್ರಿಯಿಡೀ ನಿಂತ ಕಾರಿಗೆ, ಇಸಿಯು ಮಾಹಿತಿಯನ್ನು ಓದುವ ಸ್ಕ್ಯಾನರ್ ಜೋಡಿಸಿದರೆ ಕೂಲೆಂಟಿನ ಉಷ್ಣತೆ ಹೊರಗಿನ ಗಾಳಿಯ ಉಷ್ಣತೆಯ ಆಸುಪಾಸಿನಲ್ಲಿರಬೇಕು. ಮೈನಸ್ 40 ಡಿಗ್ರಿ ತೋರಿಸಿದರೆ ವೈರ್ ತುಂಡಾಗಿರುವ ಅಥವಾ ಕನೆಕ್ಟರ್ ಕಳಚಿರುವ ಸಾಧ್ಯತೆಯೇ ಹೆಚ್ಚು. ಮಲ್ಟಿಮೀಟರ್ ಇದ್ದವರು ಸೆನ್ಸರಿನ ವಿದ್ಯುತ್ ರೋಧವನ್ನೂ ಅಳೆಯಬಹುದು. ಬಿಸಿ ಏರಿದಂತೆ ರೋಧ ಇಳಿಯುವುದು ಇದರ ಗುಣ. ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000ದಿಂದ 3,000 ಓಮ್ ಇರುವುದು 80 ಡಿಗ್ರಿಯ ಹೊತ್ತಿಗೆ ಸುಮಾರು 300ಕ್ಕೆ ಬರುತ್ತದೆ. ನಿಖರ ಅಂಕಿಗಳನ್ನು ನಿಮ್ಮ ಕಾರಿನ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಸೆನ್ಸರೇ ಕೆಟ್ಟಿದೆ ಎಂದು ಖಚಿತವಾದ ಮೇಲೆ, ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಬಿಸಿ ಎಂಜಿನ್ನಿನ ಕೂಲೆಂಟ್ ಕ್ಯಾಪ್ ತೆರೆದರೆ ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಹೆಚ್ಚಿನ ಕಾರುಗಳಲ್ಲಿ ಥರ್ಮೋಸ್ಟಾಟ್ (ಕೂಲೆಂಟ್ ಹರಿವನ್ನು ನಿಯಂತ್ರಿಸುವ ಕವಾಟ) ಹೌಸಿಂಗಿನ ಬಳಿಯಿರುವ ಸೆನ್ಸರನ್ನು ಹುಡುಕಿ, ಅದರ ಕೆಳಗೊಂದು ಟ್ರೇ ಇಡಿ. ಕನೆಕ್ಟರಿನ ಲಾಕ್ ಒತ್ತಿ ಎಳೆಯಬೇಕೇ ಹೊರತು ವೈರನ್ನು ಹಿಡಿದು ಜಗ್ಗಬಾರದು. ಕೆಲವು ಸೆನ್ಸರುಗಳು ಥ್ರೆಡ್ಡಿನಲ್ಲಿ, ಕೆಲವು ಬರೀ ಕ್ಲಿಪ್ಪಿನಲ್ಲಿ ನಿಂತಿರುತ್ತವೆ. ಹಳೆಯದನ್ನು ತೆಗೆದೊಡನೆ ಹೊಸದನ್ನು ಕೂರಿಸಿದರೆ ಸ್ವಲ್ಪವೇ ಕೂಲೆಂಟ್ ಸೋರುತ್ತದೆ.

ಹೊಸ ಸೆನ್ಸರಿಗೆ ಹೊಸ ವಾಷರ್ ಅಥವಾ ಓ-ರಿಂಗ್ ಹಾಕಿ. ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಕಿತ್ತುಹೋದರೆ ಸೆನ್ಸರಿನ ಬೆಲೆಯ ಹಲವು ಪಟ್ಟು ಖರ್ಚು ಬರುತ್ತದೆ. ಒಂದೇ ತಂತಿಯ ಸೆನ್ಸರಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಏಕೆಂದರೆ ಅದರ ಲೋಹದ ಮೈಯೇ ಅರ್ಥಿಂಗ್, ಟೇಪ್ ಅದಕ್ಕೆ ಅಡ್ಡಿಯಾಗುತ್ತದೆ.

ಕಡಿಮೆಯಾದಷ್ಟು ಕೂಲೆಂಟನ್ನು ಅದೇ ಬಗೆಯದರಿಂದ ತುಂಬಿಸಿ. ಬೆರೆಸಲು ಡಿಸ್ಟಿಲ್ಡ್ ನೀರೇ ಆಗಬೇಕು, ಬೋರ್‌ವೆಲ್ ನೀರಿನ ಉಪ್ಪು ಒಳಗೆ ಪದರ ಕಟ್ಟುತ್ತದೆ. ಚೆಲ್ಲಿದ್ದನ್ನು ತಕ್ಷಣ ಒರೆಸಿಬಿಡಿ, ಸಿಹಿಯಾಗಿರುವ ಈ ವಿಷವನ್ನು ನಾಯಿಗಳು ನೆಕ್ಕುತ್ತವೆ. ಬ್ಯಾಟರಿ ಜೋಡಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಒಮ್ಮೆ ಓಡಿ ನಿಲ್ಲುವವರೆಗೆ ಎಂಜಿನ್ ನಡೆಸಿ. ಒಳಗೆ ಸಿಕ್ಕ ಗಾಳಿ ಹೊರಬರುತ್ತದೆ. ಸ್ಕ್ಯಾನರಿನಲ್ಲಿ ಹಳೆಯ ದೋಷದ ಕೋಡ್ ಅಳಿಸಿ, ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟವನ್ನು ಮತ್ತೊಮ್ಮೆ ನೋಡಿ.