ಖಾಲಿ ಮೈಲಿಯ ಲೆಕ್ಕ

ಅಮೆರಿಕದಲ್ಲಿ ಉಬರ್, ಲಿಫ್ಟ್ ಓಡಿಸುವವರಿಗೆ ವರ್ಷದ ಕೊನೆಗೆ ಕಾಡುವುದು ತೆರಿಗೆ. ಅವರು ನೌಕರರಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2020ರಲ್ಲಿ ಜನರೇ ಮತ ಹಾಕಿ ಇದನ್ನು ಕಾನೂನು ಮಾಡಿದರು. ಹಾಗಾಗಿ ಆದಾಯ ತೆರಿಗೆಯ ಮೇಲೆ ಸ್ವಯಂ ಉದ್ಯೋಗದ ತೆರಿಗೆ 15.3% ಬೇರೆ. ಅದನ್ನು ಇಳಿಸುವ ದೊಡ್ಡ ದಾರಿ ಮೈಲಿ ಲೆಕ್ಕ. ಆ ಲೆಕ್ಕಕ್ಕೇ ನಾವೊಂದು ಆ್ಯಪ್ ಮಾಡಿದ್ದೇವೆ. 2024ರಲ್ಲಿ ಕೆಲಸಕ್ಕೆ ಓಡಿಸಿದ ಪ್ರತಿ ಮೈಲಿಗೆ 67 ಸೆಂಟ್ ಆದಾಯದಿಂದ ಕಳೆಯಬಹುದಿತ್ತು, 2025ರಲ್ಲಿ 70.

ಎಂ.ಎಸ್. ಮುಗಿಸಿದ ಹೊಸದರಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟ್ ಹತ್ತಿರ ಡ್ರೈವರ್‌ಗಳು ಸರದಿ ಕಾಯುವ ಜಾಗಕ್ಕೆ ಹೋಗಿ ಸುಮ್ನೆ ಹರಟುತ್ತಿದ್ದೆ. ಪಂಜಾಬಿ, ಇಥಿಯೋಪಿಯಾದವರು, ಮೆಕ್ಸಿಕೊದವರು ಎಲ್ಲ ಇರುತ್ತಿದ್ದರು. ಎಷ್ಟೋ ಜನ ಪ್ಯಾಸೆಂಜರ್ ಕೂತಿದ್ದ ಮೈಲಿ ಮಾತ್ರ ತೋರಿಸುತ್ತಿದ್ದರು. ಒಬ್ಬರನ್ನು ಇಳಿಸಿ ಮುಂದಿನವರ ಹತ್ತಿರ ಹೋಗುವ ಖಾಲಿ ಓಟವೂ ಕೆಲಸವೇ ಅಲ್ವಾ? ತಿಂಗಳಿಗೆ 1,000 ಖಾಲಿ ಮೈಲಿ ಬಿಟ್ಟುಹೋದರೆ, 2024ರ ದರದಲ್ಲಿ 670 ಡಾಲರ್‌ಗೆ ಸುಮ್ಮನೆ ತೆರಿಗೆ ಕಟ್ಟಿದ ಹಾಗೆ. ಸ್ವಯಂ ಉದ್ಯೋಗದ ತೆರಿಗೆಯೊಂದೇ ನೂರು ಡಾಲರ್ ಹತ್ತಿರ.

ಮೈಲಿ ಎಣಿಸುವ ಆ್ಯಪ್‌ಗಳು ಆಗಲೇ ಇದ್ದವು. ಆದರೆ ಅವು ದಿನವಿಡೀ ಜಿಪಿಎಸ್ ಹಿಂದೆ ಬೀಳುತ್ತವೆ. ಎರಡು ಕಂಪನಿಯ ಆ್ಯಪ್ ಒಟ್ಟಿಗೆ ಓಡುವ ಫೋನಿನಲ್ಲಿ ಮೂರನೆಯದಕ್ಕೆ ಬ್ಯಾಟರಿ ಎಲ್ಲಿ ಸಾಲುತ್ತೆ? ಅದಕ್ಕಿಂತ ಜಾಸ್ತಿ ಅಡ್ಡ ಬಂದದ್ದು ಭಯ. "ನಾನು ಎಲ್ಲೆಲ್ಲಿ ಹೋದೆ ಅನ್ನೋದು ಯಾರ ಕೈಗೆ ಹೋಗುತ್ತೆ?" ಇದು ಎಲ್ಲರ ಮೊದಲ ಪ್ರಶ್ನೆ. ಮನೆಯಲ್ಲಿ ಒಬ್ಬರ ಕಾಗದಪತ್ರ ಸರಿಯಿದ್ದು ಇನ್ನೊಬ್ಬರದ್ದು ಇಲ್ಲದಿದ್ದರೆ ಆ ಪ್ರಶ್ನೆ ಸಣ್ಣದಲ್ಲ.

ಅದಕ್ಕೇ ನಮ್ಮ ಆ್ಯಪ್‌ನಲ್ಲಿ ಜಿಪಿಎಸ್ ಕೈಬಿಟ್ಟೆವು. ಬೆಳಿಗ್ಗೆ ಓಡೋಮೀಟರ್ ಫೋಟೊ ಒಂದು, ರಾತ್ರಿ ಒಂದು. ಮಧ್ಯೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟರೆ 'ಸ್ವಂತ ಕೆಲಸ' ಅಂತ ಬಟನ್ ಒತ್ತಿ ಮೈಲಿ ಹೇಳಬೇಕು. ಟ್ರಿಪ್ ವಿವರ ಕಂಪನಿಯ ಪಟ್ಟಿಯಿಂದ ಡ್ರೈವರೇ ಸೇರಿಸುತ್ತಾರೆ. ಎಲ್ಲ ಅವರ ಫೋನಿನಲ್ಲೇ ಉಳಿಯುತ್ತದೆ. ಮನೆಯಿಂದ ಕೆಲಸ ಶುರುವಾಗುವ ಜಾಗದವರೆಗಿನ ಓಟವನ್ನು ನಾವು ಸೇರಿಸುವುದಿಲ್ಲ. ಇದಕ್ಕೆ ಕೆಲವರು ಬೈಯುತ್ತಾರೆ, ಬೈಯಲಿ. ದುಡ್ಡು ತೆಗೆದುಕೊಳ್ಳುವುದು ವರ್ಷಕ್ಕೊಮ್ಮೆ, ತೆರಿಗೆ ಕಾಲದಲ್ಲಿ ವರದಿ ಇಳಿಸಿಕೊಳ್ಳುವಾಗ. ತಿಂಗಳ ಚಂದಾ ಅಂದರೆ ಡ್ರೈವರ್‌ಗಳು ಮುಖ ತಿರುಗಿಸುತ್ತಾರೆ.

ನನ್ನ ವೀಸಾ ಕಥೆಯೂ ಇದರ ಜೊತೆಗೇ ನಡೆಯಿತು. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ 12 ತಿಂಗಳ ಅನುಮತಿಯಲ್ಲಿ (ಓಪಿಟಿ), ಓದಿದ ವಿಷಯಕ್ಕೆ ಸಂಬಂಧಪಟ್ಟ ಸ್ವಂತ ಉದ್ಯಮ ನಡೆಸಬಹುದು. ಆಮೇಲೆ ವಿಜ್ಞಾನ, ತಂತ್ರಜ್ಞಾನದಂಥ ವಿಷಯ ಓದಿದವರಿಗೆ ಸಿಗುವ 24 ತಿಂಗಳ ವಿಸ್ತರಣೆಗೆ ತರಬೇತಿ ಕೊಡುವ ಉದ್ಯೋಗದಾತರು ಬೇಕು. ನಮ್ಮ ಅರ್ಜಿಗೆ ನಾವೇ ಸಹಿ ಹಾಕುವಂತಿಲ್ಲ. ಹಾಗಾಗಿ ಗ್ರೀನ್ ಕಾರ್ಡ್ ಇದ್ದ ಸಹಪಾಠಿಯನ್ನು ಶುರುವಿನಲ್ಲೇ ಪಾಲುದಾರಳಾಗಿ ಸೇರಿಸಿಕೊಂಡೆ. ನಮ್ಮ ಕಂಪನಿಯಲ್ಲಿ ಅವಳು ಬಾಸ್, ನಾನು ಟ್ರೇನಿ. ಅಮ್ಮನಿಗೆ ಇದನ್ನು ಫೋನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಗಿತ್ತು.

ಎರಡನೇ ಕೆಲಸ ಡ್ರೈವರ್‌ಗಳೇ ಹುಟ್ಟಿಸಿದ್ದು. "ಭಾಯಿ, ನನ್ನ ತಮ್ಮ ಈಗಷ್ಟೇ ಬಂದಿದ್ದಾನೆ, ಲೈಸೆನ್ಸ್ ಪರೀಕ್ಷೆಗೂ ಏನಾದ್ರೂ ಮಾಡು" ಅನ್ನುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ವಲಸೆ ದಾಖಲೆ ಇಲ್ಲದವರೂ ಲೈಸೆನ್ಸ್ ಪಡೆಯಬಹುದು. 18 ದಾಟಿದವರಿಗೆ ಬರಹ ಪರೀಕ್ಷೆಯಲ್ಲಿ 36 ಪ್ರಶ್ನೆ, 30 ಸರಿಯಿರಬೇಕು. ನಾವು ಅಭ್ಯಾಸದ ಪ್ರಶ್ನೆಗಳನ್ನು ಅವರವರ ಭಾಷೆಯ ದನಿಯಲ್ಲಿ ಓದಿಸಿದೆವು. ಹೆಸರು, ಫೋನ್ ನಂಬರ್ ಏನೂ ಕೇಳುವುದಿಲ್ಲ. ಇದರ ಖರ್ಚಿಗೆ ದುಡ್ಡು ಹುಟ್ಟುವುದು ಡ್ರೈವಿಂಗ್ ಸ್ಕೂಲುಗಳ ಜಾಹೀರಾತಿನಿಂದ.

ಲಾಗಿನ್ ಇಲ್ಲದಿದ್ದರೆ ಬಳಸುವವರು ಎಷ್ಟು ಜನ ಅಂತ ಹೇಗೆ ಗೊತ್ತಾಗುತ್ತೆ ಎಂದು ಹೂಡಿಕೆದಾರರು ಕೇಳುತ್ತಾರೆ. ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಅವರ ದುಡ್ಡು ಇನ್ನೂ ಬಂದಿಲ್ಲ, ಡ್ರೈವರ್‌ಗಳು ವರದಿಗೆ ಕೊಡುವ ದುಡ್ಡು, ಜಾಹೀರಾತಿನ ದುಡ್ಡಲ್ಲೇ ನಡೆಸುತ್ತಿದ್ದೇವೆ.