ಕಡ್ಲೆಕಾಯಿ ಹೊಲದಲ್ಲಿ ಟಿಟ್ಟಿಭದ ಗೂಡು ಕಾದ ಅನುಭವ

ಮಧುಗಿರಿ ಹತ್ತಿರ ನಮ್ಮದು ಮಳೆ ನಂಬಿದ ಹೊಲ. ಮಾರ್ಚ್ ಬಂತು ಅಂದ್ರೆ ಟಿಟ್ಟಿಭಗಳು ಖಾಲಿ ಹೊಲದಲ್ಲಿ ಮೊಟ್ಟೆ ಇಡೋಕೆ ಶುರು ಮಾಡುತ್ತವೆ. ಗೂಡು ಅಂತ ಏನೂ ಇರಲ್ಲ, ನೆಲದಲ್ಲಿ ಅಂಗೈಯಗಲ ತಗ್ಗು, ಸುತ್ತ ನಾಲ್ಕು ಕಲ್ಲು, ಮೇಕೆ ಹಿಕ್ಕೆ, ಅಷ್ಟೇ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮರಿ ಆಗೋಕೆ ಹತ್ತಿರ ಹತ್ತಿರ 28 ದಿನ ಬೇಕು.

ಮೊದಲ ವರ್ಷ ಒಂದು ಗೂಡು ಹಾಳಾಗೋಕೆ ನಾನೇ ಕಾರಣ ಅಂತ ಈಗಲೂ ನನಗೆ ಅನ್ನಿಸುತ್ತದೆ. ದಿನಾ ಬೆಳಿಗ್ಗೆ ನೆಟ್ಟಗೆ ಗೂಡಿನ ಹತ್ತಿರ ಹೋಗಿ, ಕೂತು, ಫೋಟೊ ತೆಗೆದು, ಅದೇ ದಾರಿಯಲ್ಲಿ ವಾಪಸ್ ಬರುತ್ತಿದ್ದೆ. ಹಕ್ಕಿ ತಲೆ ಮೇಲೆ ಕಿರುಚಿಕೊಂಡು ಹಾರುತ್ತಿತ್ತು. ಬದುವಿನ ಜಾಲಿ ಮರದಲ್ಲಿ ಎರಡು ಕಾಗೆ ಕೂತು ಇದನ್ನೆಲ್ಲ ನೋಡುತ್ತಿದ್ದವು. ಐದನೇ ದಿನ ಮೊಟ್ಟೆ ಇರಲಿಲ್ಲ. ಸ್ವಲ್ಪ ದೂರದಲ್ಲಿ ಕೊಕ್ಕಿನಿಂದ ತೂತು ಮಾಡಿದ ಒಂದು ಚಿಪ್ಪು ಬಿದ್ದಿತ್ತು.

ಆಮೇಲಿಂದ ಬೈನಾಕ್ಯುಲರ್ ಹಿಡಿದು ದೂರದ ಬದುವಿನ ಮೇಲಿಂದಲೇ ನೋಡುತ್ತೇನೆ. ನಾಲ್ಕು ದಿನಕ್ಕೊಮ್ಮೆ ಮಾತ್ರ ಹತ್ತಿರ ಹೋಗೋದು, ಅದೂ ನಿಲ್ಲದೆ ಪಕ್ಕದಲ್ಲಿ ಹಾದು ಹೋಗೋದು. ಕಾಗೆ ಕಂಡರೆ ಹೋಗೋದೇ ಇಲ್ಲ. ಮಧ್ಯಾಹ್ನವಂತೂ ಬೇಡವೇ ಬೇಡ, ಏಪ್ರಿಲ್ ಬಿಸಿಲಿಗೆ ಹಕ್ಕಿ ಎದ್ದರೆ ಮೊಟ್ಟೆ ಬೆಂದೇ ಹೋಗುತ್ತದೆ. ಒಂದು ದಿನ ಕೃಷಿ ಹೊಂಡದಲ್ಲಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದ ಹಕ್ಕಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಮೊಟ್ಟೆ ಮೇಲೆ ಕೂತಿದ್ದನ್ನು ನೋಡಿದೆ. ಮೊಟ್ಟೆ ತಂಪಾಗಿಡೋಕೆ ಅದು ಮಾಡೋ ಉಪಾಯ ಇದು.

ಕಾಗೆ, ಮುಂಗುಸಿ, ನಾಯಿಗಿಂತ ನಮ್ಮ ಹೊಲದಲ್ಲಿ ದೊಡ್ಡ ಅಪಾಯ ಉಳುಮೆ. ಗೂಡಿನ ಪಕ್ಕದಲ್ಲೇ ಕೋಲು ನೆಟ್ಟರೆ ಕಾಗೆಗೂ ಗುರುತು ಸಿಗುತ್ತದೆ, ಅದಕ್ಕೆ ಹತ್ತು ಹೆಜ್ಜೆ ಆಚೆ ಕಲ್ಲಿಡುತ್ತೇನೆ. ಟ್ರಾಕ್ಟರ್ ಹುಡುಗನಿಗೆ ತೋರಿಸಿದಾಗ, "ಅಣ್ಣಾ, ಒಂದು ಸುತ್ತು ಬಿಟ್ಟು ಹೊಡೀತೀನಿ ಬಿಡಿ" ಅಂದ. ಹಾಸಿಗೆಯಗಲ ಜಾಗ ಬಿಟ್ಟರೆ ನಮಗೇನು ನಷ್ಟ?

ಲೆಕ್ಕ ಇಡೋದರಲ್ಲೂ ಎಡವಿದ್ದೆ. ಕಂಡ ಗೂಡುಗಳಲ್ಲಿ ಎಷ್ಟು ಉಳಿದವು ಅಂತ ಎಣಿಸಿದರೆ ಗೆಲುವು ಜಾಸ್ತಿ ಕಾಣುತ್ತದೆ, ಯಾಕಂದ್ರೆ ಬೇಗ ಹಾಳಾದ ಗೂಡುಗಳು ನಮ್ಮ ಕಣ್ಣಿಗೇ ಬೀಳಲ್ಲ. 1961ರಲ್ಲಿ ಅಮೆರಿಕದ ಪಕ್ಷಿ ತಜ್ಞ ಹೆರಾಲ್ಡ್ ಮೇಫೀಲ್ಡ್ ಇದಕ್ಕೆ ಸುಲಭದ ದಾರಿ ತೋರಿಸಿದರು: ಗೂಡುಗಳನ್ನು ಎಣಿಸಬೇಡಿ, ಒಂದೊಂದು ಗೂಡನ್ನೂ ನೀವು ಕಾದ ದಿನಗಳನ್ನು ಎಣಿಸಿ, ಎಲ್ಲ ಕೂಡಿಸಿ. ಹಾಳಾದ ಗೂಡುಗಳ ಸಂಖ್ಯೆಯನ್ನು ಆ ಒಟ್ಟು ದಿನಗಳಿಂದ ಭಾಗಿಸಿದರೆ ದಿನದ ನಷ್ಟ ಸಿಗುತ್ತದೆ. ದಿನಕ್ಕೆ ನೂರಕ್ಕೆ 5 ಅಂದರೆ ಕಡಿಮೆ ಅನ್ನಿಸುತ್ತೆ ಅಲ್ವಾ? 28 ದಿನ ಹಾಗೇ ಆದರೆ ನೂರರಲ್ಲಿ ಉಳಿಯೋದು ಬರೀ 24 ಗೂಡು.

ಗೂಡು ಖಾಲಿ ಇದ್ದರೆ ಯಾರೋ ತಿಂದರು ಅಂತಲೇ ಬರೆದುಕೊಳ್ಳಬೇಡಿ. ಟಿಟ್ಟಿಭದ ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ನಡೆದು ಹೋಗುತ್ತವೆ, ದೊಡ್ಡ ಚಿಪ್ಪುಗಳನ್ನು ತಾಯಿ ತಂದೆ ಎತ್ತಿಕೊಂಡು ಹೋಗಿ ಬಿಸಾಡುತ್ತವೆ. ಹೋದ ಸಲ ಹೀಗೇ ಖಾಲಿ ತಗ್ಗು ನೋಡಿ ಬೇಜಾರಾಗಿ ಎದ್ದವನು, ಮತ್ತೆ ಕೂತು ಬೆರಳಲ್ಲಿ ಮಣ್ಣು ಕೆದಕಿದೆ. ಮರಿ ಮೊಟ್ಟೆ ಒಡೆದು ಬರುವಾಗ ಉದುರೋ, ಸಾಸಿವೆ ಕಾಳಿನಷ್ಟು ಚಿಪ್ಪಿನ ಚೂರುಗಳು ಸಿಕ್ಕವು. ಆ ಗೂಡು ಗೆದ್ದಿತ್ತು.